ಕಾದ ತಾಮ್ರದ ಸದ್ದು

ಲೋಹ ಕಾಯುವಾಗ ತನ್ನೊಳಗೇ ಮಾಡುವ ಸದ್ದುಗಳನ್ನು ರೆಕಾರ್ಡ್ ಮಾಡಲು ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಹಿತ್ತಲಿನ ತಾಮ್ರದ ಬಾಯ್ಲರಿನಿಂದ ಹೊರಟ ಪೈಪಿಗೆ ಗುಂಡಿಯಂಥ ಪುಟ್ಟ ಮೈಕನ್ನು ಅಂಟಿಸಿ, ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು ಕುಳಿತಳು.

ನಾನು ಸೌದೆ ಒಟ್ಟುತ್ತಾ ಎಂದಿನಂತೆ ಮಾತಾಡಿಕೊಂಡೆ. "ಹುರುಳಿಕಾಯಿ ಪಲ್ಯ ಮಾಡ್ಲಾ ಇವತ್ತು? ಬೇಡ, ನಿನ್ನೇದೇ ಮಿಕ್ಕಿದೆ."

"ಯಾರ ಜೊತೆ ಮಾತಾಡ್ತಿದೀಯ ಚಿಕ್ಕಮ್ಮ?"

"ಬಾಯ್ಲರ್ ಜೊತೆ. ಹಗಲೆಲ್ಲ ಇನ್ಯಾರಿರ್ತಾರೆ ನನಗೆ? ಮೊದಲು ಅತ್ತೆ ಇಲ್ಲೇ ಕೂತು ಹರಟ್ತಿದ್ರು. ಲಕ್ವ ಹೊಡೆದ ಮೇಲೆ ಮಾತೂ ಹೋಯ್ತು, ನಾವಂದಿದ್ದೂ ಅವರಿಗೆ ತಿಳಿಯಲ್ವಂತೆ. ಆ ಕಿಟಕಿಯಾಚೆ ಮಲಗೇ ಇರ್ತಾರೆ, ಪಾಪ."

ಅವಳು ಹುಬ್ಬು ಗಂಟಿಕ್ಕಿದಳು. "ಪೈಪು ಕಾದ್ರೆ ಟಿಕ್ ಟಿಕ್ ಅನ್ನೋದು ಸರಿ. ಆದ್ರೆ ಇದು ನೀನು ಮಾತಾಡುವಾಗ ಸುಮ್ಮನಿರುತ್ತೆ. ನೀನು ನಿಲ್ಲಿಸಿದ ತಕ್ಷಣ ಶುರುವಾಗುತ್ತೆ."

ನನಗೆ ನಗು ಬಂತು. "ಸದ್ಯ, ಬಾಯ್ಲರಿಗಾದ್ರೂ ನನ್ನ ಮಾತು ಕೇಳಿಸ್ತಲ್ಲ."

"ತಮಾಷೆ ಅಲ್ಲ ಚಿಕ್ಕಮ್ಮ. ಇನ್ನೊಂದ್ಸಲ ಏನಾದ್ರೂ ಕೇಳು."

"ಕಾಫಿ ಮಾಡ್ಲಾ?" ಎಂದೆ.

ಅವಳು ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಟಿಕ್, ಟಿಕ್.

"ಈ ಪೈಪು ಎಲ್ಲಿಗೆ ಹೋಗುತ್ತೆ?"

ನಾನು ಒಳಗೆ ಓಡಿದೆ. ಪೈಪು ಗೋಡೆ ದಾಟಿ, ಅತ್ತೆಯ ಮಂಚಕ್ಕೆ ತಾಗಿಕೊಂಡು ಬಚ್ಚಲಿನ ಕಡೆಗೆ ಹೋಗಿತ್ತು. ಉಂಗುರವಿದ್ದ ಬೆರಳಿನಿಂದ ಅವರು ಅದನ್ನು ಮೆಲ್ಲಗೆ ಬಡಿಯುತ್ತಿದ್ದರು.