ತಾನೇ ಏಳುವ ತೂಬು

ಬೆಳಿಗ್ಗೆ ಆರಕ್ಕೆ ಓರ್ಲಿಂಡಾಳ ಹೊಲದ ತೂಬಿನ ಹಲಗೆ ತಾನಾಗಿಯೇ ಮೇಲೆದ್ದಿತು. ಆರೂ ಹತ್ತಕ್ಕೆ ನೀರಗಂಟಿ ಡೆಲ್ಫೀನೊ ಬಂದು ಅದನ್ನು ಕೈಯಾರೆ ಮುಚ್ಚಿದ.

ನ್ಯೂ ಮೆಕ್ಸಿಕೋದ ನಮ್ಮ ಕಣಿವೆಯಲ್ಲಿ ಕಾಲುವೆ ನೀರಿನ ಸರದಿ ಒಂಬತ್ತು ದಿನಕ್ಕೊಮ್ಮೆ. ಸರದಿಯವರು ಸಲಿಕೆ ಹಿಡಿದು ತೂಬಿನ ಬಳಿ ನಿಂತಿರಬೇಕು. ಇಲ್ಲದಿದ್ದರೆ ನೀರು ಮುಂದಿನ ಹೊಲಕ್ಕೆ. ಗಂಡ ಆನ್ಸೆಲ್ಮೊ ತೀರಿಕೊಂಡ ಮೇಲೆ ಓರ್ಲಿಂಡಾ ಒಬ್ಬಳೇ; ಅವಳಿಗೆ ಮಂಡಿ ಆಪರೇಷನ್ ಆಗಿ ಇನ್ನೂ ತಿಂಗಳಾಗಿರಲಿಲ್ಲ. ಅದಕ್ಕೇ ಮಗಳು ಸೆಲೆಸ್ತಾ ಗುಜರಿ ಕಾರಿನ ಕಿಟಕಿಯ ಮೋಟಾರು, ಒಂದು ಟೈಮರು, ಅಂಗೈಯಗಲದ ಸೋಲಾರ್ ಫಲಕ ಸೇರಿಸಿ ತೂಬಿಗೆ ಕಟ್ಟಿದ್ದಳು. ಎಲ್ಲ ಸೇರಿ ಒಂದು ಜೊತೆ ಬೂಟಿನಷ್ಟೂ ಖರ್ಚಾಗಿರಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಓರ್ಲಿಂಡಾ ಊರುಗೋಲು ಹಿಡಿದು ಬಂದಳು. ಡೆಲ್ಫೀನೊ ಏದುಸಿರು ಬಿಡುತ್ತ ತೂಬು ಮುಚ್ಚಿದ್ದೇನೆ ಅಂದ. ಅವಳಿಗೆ ಮೈಯೆಲ್ಲ ಉರಿಯಿತು. ಮೆಣಸಿನ ಗಿಡ ಹೂ ಬಿಟ್ಟ ಹೊತ್ತು. ಈ ಸರದಿ ತಪ್ಪಿದರೆ ಹೂವೆಲ್ಲ ಉದುರಿ ವರ್ಷದ ಬೆಳೆಯೇ ಹೋದಂತೆ.

"ನನಗೇ ಕಟ್ಟಳೆ ಹೇಳಿಕೊಡೋಕೆ ಬಂದ್ಯಾ? ನೀನು ಚಡ್ಡಿ ಹಾಕೋದು ಕಲಿಯೋ ಮುಂಚೆಯಿಂದ ನಮ್ಮನೆ ಸಲಿಕೆ ಆ ತೂಬಿನ ಹತ್ರ ನಿಂತಿದೆ."

"ಕಟ್ಟಳೆ ಹಾಳಾಗ್ಲಿ ಅಕ್ಕಾ." ಡೆಲ್ಫೀನೊ ಟೋಪಿ ತೆಗೆದ. "ಆನ್ಸೆಲ್ಮೊ ಭಾವ ಸಲಿಕೆ ಹಿಡಿದು ಬರದೇ ಇದ್ದಿದ್ದು ಒಂದೇ ದಿನ. ನೀನು ಮಗಳ ಮನೇಲಿದ್ದೆ. ನಾನು, ಮುದುಕ ಮಲಗಿದಾನೆ ಅಂತ ನಗಾಡ್ಕೊಂಡು ನೀರು ಮುಂದಕ್ಕೆ ಬಿಟ್ಟೆ. ಅವರು ಮಧ್ಯಾಹ್ನದವರೆಗೂ ಕೊಟ್ಟಿಗೇಲಿ ಬಿದ್ದಿದ್ರು. ಇವತ್ತು ನೀರು ಹರೀತಿದೆ, ಪಕ್ಕದಲ್ಲಿ ಯಾರೂ ಇಲ್ಲ. ಸಾಲು ಕೊಚ್ಚಿಹೋಗದಿರ್ಲಿ ಅಂತ ಮುಚ್ಚಿ ಓಡಿ ಬಂದೆ."

ಓರ್ಲಿಂಡಾ ಮಗಳು ಕಟ್ಟಿದ ಮೋಟಾರಿನ ವಿಷಯ ಹೇಳಿದಳು. ಡೆಲ್ಫೀನೊ ಹೋಗಿ ತೂಬನ್ನು ಮತ್ತೆ ಎತ್ತಿದ. ವ್ಯರ್ಥವಾದ ಹೊತ್ತನ್ನು ತನ್ನ ಸರದಿಯಲ್ಲಿ ತುಂಬಿಕೊಡುವುದಾಗಿ ಹೇಳಿದ.

ಸಂಜೆ ಸೆಲೆಸ್ತಾ ಟೈಮರು ಕಿತ್ತಳು. ಅಡುಗೆಮನೆಯಲ್ಲಿ, ಕಾಫಿ ಪಾತ್ರೆಯ ಪಕ್ಕದಲ್ಲಿ ಒಂದು ಗುಂಡಿ ಕೂರಿಸಿದಳು. ಇನ್ನು ಅಮ್ಮ ಎದ್ದು ಬಂದು ಅದನ್ನು ಒತ್ತಿದರೆ ಮಾತ್ರ ತೂಬು ಏಳುತ್ತದೆ.

ಮುಂದಿನ ಸರದಿಯ ದಿನ ಡೆಲ್ಫೀನೊ ಆರಕ್ಕೇ ತೂಬಿನ ಬಳಿ ನಿಂತ. ಆರೂ ಐದಾಯಿತು, ಆರೂ ಎಂಟಾಯಿತು, ತೂಬು ಅಲುಗಲಿಲ್ಲ. ಅವನು ಮನೆಯ ಕಡೆ ಓಡತೊಡಗಿದ. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ಮೋಟಾರು ಗುರ್ರೆಂದಿತು.

"ಕಾಫಿ ಮುಗಿಸಿಯೇ ಒತ್ತಬೇಕೇನೋ ಈ ಮುದುಕಿ," ಎಂದು ಗೊಣಗುತ್ತ ಅವನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟ.