ಹಳೆಯ ನಂಬರಿಗೆ ಬಂದ ಒಟಿಪಿ

"ಒಟಿಪಿ ಯಾರ ಫೋನಿಗೆ ಹೋಯ್ತು ಸಾರ್? ಇವತ್ತೇ ಕೊನೇ ದಿನ. ಹೊಸ ಮೇಲ್‌ಗೆ ಹೋಗ್ದಿದ್ರೆ ಹಳೇದೆಲ್ಲ ಅಳಿಸೋಗುತ್ತೆ" ಎಂದಳು ಕಂಪ್ಯೂಟರ್ ವಿಭಾಗದ ವಾಣಿಶ್ರೀ. ಉಪನ್ಯಾಸಕ ರಾಮಲಿಂಗಪ್ಪ ಪರದೆಯ ಮೇಲಿದ್ದ ನಂಬರಿನ ಕೊನೆಯ ಎರಡು ಅಂಕಿಗಳನ್ನೇ ನೋಡುತ್ತ ಕುಳಿತ. ಅವನು ವಿಶ್ವವಿದ್ಯಾಲಯಕ್ಕೆ ಸೇರಿದಾಗ ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು. ಇಮೇಲಿಗೂ ಅದರ ನಂಬರನ್ನೇ ಕೊಟ್ಟಿದ್ದ. ಈಗ ಅದು ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಅಣ್ಣ ಚೌಡೇಶನ ಹತ್ತಿರವಿತ್ತು. ಮನೆ ಪಾಲಾದಂದಿನಿಂದ, ನಾಲ್ಕು ವರ್ಷ, ಇಬ್ಬರ ನಡುವೆ ಮಾತಿಲ್ಲ.

ಅಣ್ಣ ಫೋನೆತ್ತಿದ ಕೂಡಲೇ ಪವರ್‌ಲೂಮಿನ ಸದ್ದು ಕಿವಿಗೆ ಅಪ್ಪಳಿಸಿತು. "ಅಣ್ಣಾ, ನಿನ್ನ ಫೋನಿಗೊಂದು ನಂಬರ್ ಬಂದಿರ್ತದೆ" ಎಂದು ರಾಮಲಿಂಗಪ್ಪ ಎರಡು ಸಲ ಕೂಗಿದ. ಆಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ಹಾಡಹಗಲಲ್ಲಿ, ಕರೆಂಟಿರುವಾಗ, ಅವರಪ್ಪ ಕೂಡ ಯಾರ ಫೋನಿಗೂ ಮಗ್ಗ ನಿಲ್ಲಿಸಿದವನಲ್ಲ.

"ಈಗ ಹೇಳೋ ಲಿಂಗ, ಕೇಳಿಸ್ತದೆ."

ಚೌಡೇಶ ಆರು ಅಂಕಿಗಳನ್ನೂ ನಿಧಾನವಾಗಿ ಓದಿದ. ವಾಣಿಶ್ರೀ ಅವನ್ನು ಒತ್ತಿ, "ಆಯ್ತು ಸಾರ್" ಎಂದು ಪಕ್ಕದ ಮೇಜಿಗೆ ಹೋದಳು. ಅತ್ತ ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ.

"ಇನ್ನೊಂದು ನಂಬರ್ ಬರ್ತದೇನೋ?" ಅಣ್ಣ ಕೇಳಿದ.

ಹೊಸ ಮೇಲ್ ಆಗಲೇ ತೆರೆದುಕೊಂಡಿತ್ತು. ರಾಮಲಿಂಗಪ್ಪ ಕುರ್ಚಿ ತಿರುಗಿಸಿ ಅದಕ್ಕೆ ಬೆನ್ನು ಮಾಡಿ ಕುಳಿತ.

"ಬರ್ತದಣ್ಣ. ಫೋನ್ ಇಡ್ಬೇಡ."