ಶಬ್ದದ ಅಧ್ಯಾಯ

"ನಿಮ್ಮ ಶಬ್ದದ ಅಧ್ಯಾಯ ಈ ಸಲ ಬೇಡ," ಎಂದರು ಹಿರಿಯ ಎಂಜಿನಿಯರ್ ಮೇಡಂ. ಅವನು ಕುರ್ಚಿಯಿಂದ ಎದ್ದ, ಮತ್ತೆ ಕುಳಿತ.

ಅವರು ಬರೆಯುತ್ತಿದ್ದದ್ದು ಸ್ಪೆಸಿಫಿಕೇಷನ್, ಪಾದಚಾರಿಗಳ ಸಿಗ್ನಲ್ ತಯಾರಿಸುವ ಪ್ರತಿ ಕಂಪನಿಯೂ ಪಾಲಿಸಬೇಕಾದ ನಿಯಮಗಳ ಪುಸ್ತಕ. ಸಂಜೆಯೊಳಗೆ ಮೊದಲ ಆವೃತ್ತಿ ಮುಗಿಯಬೇಕು. ಹಿಂದೊಮ್ಮೆ ಎಲ್ಲರ ಆಸೆಯನ್ನೂ ತುರುಕಿ ಬರೆದ ಕರಡು ಇಟ್ಟಿಗೆಯಷ್ಟು ದಪ್ಪವಾಗಿ, ಯಾವ ಕಂಪನಿಯೂ ಅದನ್ನು ಮೂಸಿ ನೋಡಿರಲಿಲ್ಲ. ಹಾಗಾಗಿ ಈ ಸಲ ಕಟ್ಟುನಿಟ್ಟು: ಯಾವ ಅಧ್ಯಾಯವೂ ಇನ್ನೊಂದರ ಹೆಗಲೇರದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಆ ನಿಯಮ ಹಿಡಿದು ಬೆಳಗ್ಗೆಯಿಂದ ಕಂಡವರ ಅಧ್ಯಾಯಕ್ಕೆಲ್ಲ ಕತ್ತರಿ ಹಾಕಿದವನು ಅವನೇ.

"ಮೇಡಂ, ಕಣ್ಣು ಕಾಣದವರು ಹೇಗೆ ದಾಟ್ತಾರೆ?"

"ನಿಮ್ಮ ಅಕ್ಕನ ವಿಷಯ ಗೊತ್ತಪ್ಪ ನಂಗೆ. ಆದ್ರೆ ನಿಮ್ಮ ಶಬ್ದಕ್ಕೆ ಮೊಬೈಲ್ ಬೇಕು, ನಾಲ್ಕು ಭಾಷೆ ಬೇಕು, ರಸ್ತೇಲಿ ಎಷ್ಟು ಗಾಡಿ ಇವೆ ಅಂತ ಬೇರೆ ಗೊತ್ತಾಗ್ಬೇಕು. ಇದೊಂದನ್ನ ಇಟ್ಕೊಂಡ್ರೆ ನೀವೇ ಕಿತ್ತು ಹಾಕಿದ ಆ ಅಧ್ಯಾಯಗಳೆಲ್ಲ ವಾಪಸ್ ಬರ್ತವೆ. ಎರಡನೇ ಆವೃತ್ತೀಲಿ ನೋಡೋಣ."

ಎರಡನೇ ಆವೃತ್ತಿ ಎಂದರೆ 'ನಾಳೆ ಬಾ' ಎಂದ ಹಾಗೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೆಳಗ್ಗೆಯಿಂದ ಎಲ್ಲರಿಗೂ ಅದನ್ನೇ ಹೇಳಿ ಸಾಗಹಾಕಿದ್ದ. ತನ್ನ ಅಧ್ಯಾಯವನ್ನು ತಾನೇ ಅಳಿಸಿದ.

ಮಧ್ಯಾಹ್ನ ಅಕ್ಕನನ್ನು ಊಟಕ್ಕೆ ಕರೆದೊಯ್ಯಲು ಕೋರ್ಟಿಗೆ ಹೋದ. ವಕೀಲೆ ಅಕ್ಕ ಬಿಳಿ ಕೋಲು ಮಡಚಿಕೊಂಡು ಅವನ ತೋಳು ಹಿಡಿದಳು. ಸಿಗ್ನಲ್ ಬಳಿ ನಿಂತಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟ.

"ಅಂಥಾದ್ದೇನು ಬರೆದಿದ್ದೆ?"

"ಕಂಬವೇ ರಸ್ತೆ ಹೆಸರು ಹೇಳುತ್ತೆ ಅಕ್ಕ, ನಿನಗೆ ಬೇಕಾದ ಭಾಷೇಲಿ. ಎಷ್ಟು ಹೆಜ್ಜೆ, ಯಾವ ಕಡೆ ತಿರುಗ್ಬೇಕು, ಎಲ್ಲ."

"ವಾದ ಮಾಡೋದು ನನ್ನ ಕೆಲಸ. ಕಂಬಕ್ಕೂ ಅದನ್ನೇ ಕಲಿಸಿದ್ಯಾ?" ಅಕ್ಕ ನಕ್ಕಳು. "ಹಸಿರು ಬಿದ್ದಾಗ ಟಿಕ್ ಟಿಕ್ ಅಂದಿದ್ರೆ ಸಾಕಿತ್ತು ಕಣೋ. ಒಂದು ಮಾತು ನನ್ನ ಕೇಳೋದಲ್ವಾ?"

ಒಂದು ಸಾಲು. ಮೊಬೈಲಿನ ಹಂಗಿಲ್ಲ, ಭಾಷೆಯ ಹಂಗಿಲ್ಲ. ಅವನಿಗೆ ನಾಚಿಕೆಯಾಯಿತು. ಅಕ್ಕನಿಗಾಗಿ ಅಷ್ಟೆಲ್ಲ ಬರೆದವನು ಅಕ್ಕನನ್ನೇ ಕೇಳಿರಲಿಲ್ಲ. ಆತುರಾತುರವಾಗಿ ಫೋನ್ ತೆಗೆದ.

"ಮೇಡಂ, ಇನ್ನೂ ಕಳಿಸಿಲ್ಲ ತಾನೇ? ಒಂದೇ ಒಂದು ಸಾಲು ಸೇರಿಸ್ಬೇಕು."

"ಒಂದು ಸಾಲು ಅಂತೀರಿ, ಆಮೇಲೆ ಅದಕ್ಕೊಂದು ಬಾಲ ಬರುತ್ತೆ."

"ಇಲ್ಲ ಮೇಡಂ, ಬಾಲ ಇಲ್ಲ."

"ಸರಿ, ಹೇಳಿ. ಬರ್ಕೋತೀನಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಪಕ್ಕದಲ್ಲಿ ಹತ್ತಾರು ಜನರ ಹೆಜ್ಜೆಗಳು ಸರಸರ ಮುಂದೆ ಸರಿದವು.

"ನಡಿಯೋ, ಎಲ್ಲ ದಾಟ್ತಿದ್ದಾರೆ," ಎಂದು ಅಕ್ಕ ಅವನ ತೋಳು ಜಗ್ಗಿದಳು.

ಅವನು ತಲೆ ಎತ್ತಿ ನೋಡಿದ. ಪಾದಚಾರಿಗಳ ಸಿಗ್ನಲ್ ಇನ್ನೂ ಕೆಂಪಗಿತ್ತು. ಅಕ್ಕನ ಒಂದು ಕಾಲು ಆಗಲೇ ರಸ್ತೆಯಲ್ಲಿತ್ತು.